ಲೆಕ್ಕಕ್ಕೆ ಬಾರದ ಟಗರುಗಳು

ಶಿವಾರಪಟ್ಟಣ

ನಮ್ಮ ಯಜಮಾನರು ವೆಂಕಟಾಚಾರಿ ಕಲ್ಲಿನಲ್ಲಿ ದೇವರನ್ನು ಕೆತ್ತುತ್ತಾರೆ. ನಾನು ಮಾಸ್ತಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಅವರ ಕೆಲಸ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನನ್ನ ಕೆಲಸ ನೋಡಲು ಇನ್‌ಸ್ಪೆಕ್ಟರು ಮಾತ್ರ ಬರುತ್ತಾರೆ. ಆದ್ದರಿಂದ ಇಂಗ್ಲೆಂಡಿನಿಂದ ಕರೆ ಬಂದದ್ದು ಅವರಿಗೆ. ನಾನು ಹೋದದ್ದು ಅವರ ನಾಲಿಗೆಯಾಗಿ.

ಕರೆಸಿದವರು ಒಂದು ಫುಟ್‌ಬಾಲ್ ಕ್ಲಬ್ಬಿನವರು. ಕ್ಲಬ್ಬಿನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರ ಉಪ್ಪು ತಿಂದು ಬಂದು ಆಡಿಕೊಂಡಳು ಅನ್ನಿಸಿಕೊಳ್ಳಬಾರದು. ಆಡಿಕೊಳ್ಳುವುದಂತೂ ಆಡಿಕೊಳ್ಳುತ್ತೇನೆ. ಇಂಗ್ಲೆಂಡಿನ ಉತ್ತರಕ್ಕಿರುವ, ಹಿಂದೆ ಬಟ್ಟೆ ಗಿರಣಿಗಳಿದ್ದ ಒಂದು ಊರು ಎಂದರೆ ಸಾಕು.

ಆ ಕ್ಲಬ್ಬಿನ ಕಟ್ಟಡಗಳ ಉಸ್ತುವಾರಿ ನೋಡುವ ಕಾಲಿನ್ ಎಂಬಾತ ರಜೆಯಲ್ಲಿ ದೇವಸ್ಥಾನಗಳನ್ನು ಸುತ್ತುತ್ತ ನಮ್ಮೂರಿಗೂ ಬಂದಿದ್ದ. ರಸ್ತೆಬದಿಯಲ್ಲಿ ಸಾಲಾಗಿ ನಿಂತ ಆನೆ, ಸಿಂಹ, ಗಣಪತಿಗಳನ್ನು ನೋಡಿ ನಮ್ಮ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದ. ಅವರ ಕ್ಲಬ್ಬಿನ ಲಾಂಛನ ಟಗರು. ಹೊಸದಾಗಿ ಕಟ್ಟುತ್ತಿರುವ ಮಹಾದ್ವಾರದ ಎರಡು ಬದಿಗೆ ಎರಡು ಟಗರು ಬೇಕೆಂದ. ಯಜಮಾನರು ಟಗರನ್ನು ಅಗ್ನಿಯ ವಾಹನವಾಗಿ ಸಣ್ಣದಾಗಿ ಮಾಡಿದ್ದರೇ ಹೊರತು ಆಳೆತ್ತರದ್ದು ಮಾಡಿರಲಿಲ್ಲ. ಮಾಡುವುದಿಲ್ಲ ಎನ್ನಲು ಮನಸ್ಸು ಬಾರದೆ ಬಾಯಿಗೆ ಬಂದ ದೊಡ್ಡ ಬೆಲೆ ಹೇಳಿದರು. ಕಾಲಿನ್ ಆಗಲಿ ಎಂದ.

“ಚೌಕಾಸಿನೇ ಮಾಡ್ಲಿಲ್ವಲ್ಲೇ. ಇದ್ರಲ್ಲಿ ಏನೋ ಐತೆ, ಕೇಳು” ಎಂದರು ಯಜಮಾನರು.

ಕೇಳಿದೆ. ಕಾಲಿನ್ ನಗುತ್ತ ವಿವರಿಸಿದ. ಅವರ ಕ್ಲಬ್ಬನ್ನು ದೂರದೇಶದ ಒಬ್ಬ ಮಹಾಧನಿಕ ಕೊಂಡುಕೊಂಡಿದ್ದಾನೆ. ಅವನ ಬಳಿ ಇಲ್ಲದ್ದಿಲ್ಲ. ಆದರೆ ಆ ದುಡ್ಡನ್ನು ಆಟಗಾರರ ಮೇಲೆ ಮನಸ್ಸಿಗೆ ಬಂದಂತೆ ಸುರಿಯುವಂತಿಲ್ಲ. ಎಲ್ಲ ಕ್ಲಬ್ಬುಗಳು ಸೇರಿ ಒಂದು ನಿಯಮ ಮಾಡಿಕೊಂಡಿವೆ: ಕ್ಲಬ್ಬು ತಾನು ಗಳಿಸಿದ್ದಕ್ಕಿಂತ ತೀರಾ ಹೆಚ್ಚು ಖರ್ಚು ಮಾಡಿ ನಷ್ಟ ತೋರಿಸಿದರೆ ಅಂಕ ಕಳೆಯುತ್ತಾರೆ, ಪಂದ್ಯ ಗೆದ್ದರೂ ಕೆಳಗಿನ ದರ್ಜೆಗೆ ಇಳಿಯಬೇಕಾಗುತ್ತದೆ. ಕ್ರೀಡಾಂಗಣ, ಗೇಟು, ಗೋಡೆ, ಕಿರಿಯರ ತರಬೇತಿ, ಇವು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಅವರು ಗೇಟು ಕಟ್ಟುತ್ತಿದ್ದರು.

ಚುನಾವಣಾ ಡ್ಯೂಟಿ ಮಾಡಿ ಸವೆದಿರುವ ನನಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ನಮ್ಮಲ್ಲೂ ಅಭ್ಯರ್ಥಿ ಎಷ್ಟೇ ಸಿರಿವಂತನಾಗಿರಲಿ, ಪ್ರಚಾರಕ್ಕೆ ಇಷ್ಟೇ ಖರ್ಚು ಮಾಡಬೇಕೆಂದಿದೆ. ಹಾಗಾಗಿ ಆ ತಿಂಗಳು ಊರಿನ ಬೀದಿಬೀದಿಯಲ್ಲೂ ನಾಮಕರಣ. ಹುಟ್ಟದ ಮಕ್ಕಳ ಹೆಸರಿನಲ್ಲಿ ಬಿರಿಯಾನಿ ಬೇಯುತ್ತದೆ.

ಯಜಮಾನರಿಗೆ ಹೇಳಿದೆ. “ಅವನ ದುಡ್ಡು ಅವನು ಖರ್ಚು ಮಾಡೋಕೆ ಊರೋರೆಲ್ಲ ಬೇಡ ಅಂತಾರಾ? ಸರಿ ಬಿಡು” ಎಂದು ಕಲ್ಲು ಹುಡುಕಲು ಹೊರಟರು.

ದೇವನಹಳ್ಳಿ

ಟಗರುಗಳು ಹಡಗಿನಲ್ಲಿ ಮೊದಲೇ ಹೋದವು, ಕಣ್ಣಿಲ್ಲದೆ. ನಮ್ಮಲ್ಲಿ ವಿಗ್ರಹ ತನ್ನ ಜಾಗದಲ್ಲಿ ಕೂತ ಮೇಲೆ ಶಿಲ್ಪಿ ಹೋಗಿ ಕಣ್ಣಿನ ಗೆರೆ ಬಿಡಿಸುತ್ತಾನೆ. ಕಾಲಿನ್‌ಗೆ ಈ ಪದ್ಧತಿ ಬಹಳ ಹಿಡಿಸಿಬಿಟ್ಟಿತು. ಇದನ್ನೊಂದು ಸಮಾರಂಭ ಮಾಡೋಣ, ಇಬ್ಬರೂ ಬನ್ನಿ ಎಂದು ಬರೆದ. ನಮ್ಮ ಟಿಕೆಟ್ಟಿನ ಖರ್ಚನ್ನು ಮಹಾದ್ವಾರದ ಬಾಬ್ತಿಗೆ ಹಾಕಿದ್ದರಂತೆ. ಸರ್ಕಾರಿ ನೌಕರಿಯಲ್ಲಿ ಇಷ್ಟು ವರ್ಷ ಏನೇನೋ ಆಗಿದ್ದೇನೆ. ಗೇಟಿನ ಭಾಗವಾದದ್ದು ಅದೇ ಮೊದಲು.

ವಿಮಾನ ನಿಲ್ದಾಣದಲ್ಲಿ ಯಜಮಾನರು ಉಳಿಗಳ ಗಂಟನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ಪೆಟ್ಟಿಗೆಗೆ ಹಾಕಿ ಎಂದಿದ್ದೆ. ಉಳಿಯನ್ನು ಬಟ್ಟೆಗಳ ಜೊತೆ ಇಡಬಾರದು ಎಂದು ವಾದ. ತಪಾಸಣೆಯ ಹುಡುಗಿ ಒಂದೊಂದಾಗಿ ತೆಗೆದು ಟ್ರೇಯಲ್ಲಿ ಜೋಡಿಸಿದಳು. “ಇದು ಏನಕ್ಕೆ ಸರ್?” ಎಂದಳು.

“ಕಣ್ಣು ತೆಗೆಯಕ್ಕಮ್ಮಾ” ಎಂದರು ಯಜಮಾನರು.

ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಉಳಿಗಳು ಅಲ್ಲೇ ಉಳಿದವು, ನಾವು ಕೊನೆಯವರಾಗಿ ವಿಮಾನ ಹತ್ತಿದೆವು. ಇಂಗ್ಲೆಂಡಿನ ಆ ಊರಿನಲ್ಲಿ ಕಡೆಗೆ ಗೋರಿಕಲ್ಲು ಕೆತ್ತುವವನ ಹತ್ತಿರ ಉಳಿ ಎರವಲು ತರಬೇಕಾಯಿತು. ಸತ್ತವರ ಹೆಸರು ಕೆತ್ತಿದ ಉಳಿಯಿಂದ ಕಣ್ಣು ಬಿಡಿಸಬಹುದೇ ಎಂದು ಯಜಮಾನರು ಎರಡು ದಿನ ಯೋಚಿಸಿ, ಇದು ದೇವರಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡರು.

ಮೋರೀನಳ ಮನೆ

ನಮ್ಮನ್ನು ಹೋಟೆಲಿನಲ್ಲಿ ಇಳಿಸದೆ ಕ್ರೀಡಾಂಗಣದ ಹಿಂದಿನ ಬೀದಿಯಲ್ಲಿ ಮೋರೀನ್ ಎಂಬಾಕೆಯ ಮನೆಯಲ್ಲಿ ಇಳಿಸಿದರು. ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ. ಬೇರೆ ಊರುಗಳಿಂದ ಕ್ಲಬ್ಬಿಗೆ ಬರುವ ಎಳೆಯ ಆಟಗಾರರಿಗೆ ಊಟ ವಸತಿ ಕೊಡುವುದು ಅವಳ ಕೆಲಸ. ಆಟದ ಕಾಲ ಮುಗಿದಿದ್ದರಿಂದ ಮಹಡಿಯ ಕೋಣೆಗಳು ಖಾಲಿಯಿದ್ದವು.

ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ನನಗೆ ಮೋರೀನ್ ಮೊದಲ ದಿನ ಆಡಿದ ಮಾತಿನಲ್ಲಿ ‘ಟೀ’ ಎಂಬ ಒಂದೇ ಶಬ್ದ ತಿಳಿಯಿತು. ಅದೂ ತಪ್ಪಾಗಿ ತಿಳಿಯಿತು. ಅಲ್ಲಿ ಟೀ ಎಂದರೆ ರಾತ್ರಿಯೂಟ. ಟೀ ಆಗಲೇ ಆಯಿತು, ಬೇಡ ಎಂದು ನಾವು ಸಂಕೋಚದಿಂದ ಹೇಳಿ, ಆ ರಾತ್ರಿ ಹುರಿಹಿಟ್ಟು ಬೆಲ್ಲ ತಿಂದು ಮಲಗಿದೆವು. ಮರುದಿನ ವಿಷಯ ತಿಳಿದಾಗ ಮೋರೀನ್ ನನ್ನ ಭುಜ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಲ್ಲಿಂದ ನಮಗೆ ಭಾಷೆ ಸರಿಹೋಯಿತು.

ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ‘ಲವ್’ ಎಂದು ಕರೆಯುತ್ತಾರೆ. ಬಸ್ಸಿನ ಡ್ರೈವರು ನನಗೆ ಹಾಗೆಂದಾಗ ಯಜಮಾನರು ಸೀಟಿನಿಂದ ಅರ್ಧ ಎದ್ದರು.

“ಅದೇನೇ ಅದು, ಅವನು ನಿನ್ನ ಲವ್ವು ಅಂತಾನೆ?”

“ಊರಿಗೆಲ್ಲಾ ಅಂತಾನೆ ಕಣ್ರೀ. ನಿಮ್ಗೂ ಅಂದ, ನೀವು ಕೇಳಿಸ್ಕೊಳ್ಲಿಲ್ಲ.”

ಮತ್ತೆ ಸೀಟಿಗೆ ಒರಗಿ, “ಮಾಲೂರು ಬಸ್ಸಲ್ಲಿ ಕಂಡಕ್ಟ್ರು ಹಿಂಗಂದ್ರೆ ಟೇಕಲ್ ದಾಟೋದ್ರೊಳ್ಗೆ ಕೊಲೆ ಆಗುತ್ತೆ” ಎಂದರು. ಆದರೆ ಇಳಿಯುವಾಗ ಡ್ರೈವರಿಗೆ ಕೈ ಮುಗಿದರು.

ಮೋರೀನಳ ಒಬ್ಬನೇ ಮಗ ಬಿಲ್ಲಿ. ಆ ಕ್ಲಬ್ಬಿನ ಆಟಗಾರ. ಏಳು ವರ್ಷದವನಾಗಿದ್ದಾಗ ಕಿರಿಯರ ತಂಡ ಸೇರಿದವನು ಈಗ ಇಪ್ಪತ್ತೊಂದರಲ್ಲಿ ಮುಖ್ಯ ತಂಡಕ್ಕೆ ಆಡುತ್ತಿದ್ದ. ಬೀದಿಯ ಅಂಗಡಿಗಳಲ್ಲೆಲ್ಲ ಅವನ ಚಿತ್ರ. ಬರುವ ಆಟಗಾರರೆಲ್ಲ ಹೊರಗಿನವರೇ ಆದ ಮೇಲೆ ತಮ್ಮೂರಿನ ಮಾತನ್ನೇ ಆಡುವವನೊಬ್ಬ ಉಳಿದಿದ್ದಾನೆ ಎಂದು ಜನಕ್ಕೆ ಅವನ ಮೇಲೆ ಪ್ರಾಣ. ಮನೆಯಲ್ಲಿ ಮಾತ್ರ ಅವನು ತಟ್ಟೆ ತೊಳೆಯದ್ದಕ್ಕೆ ಬೈಸಿಕೊಳ್ಳುವ ಸಾಧಾರಣ ಹುಡುಗ. ನಾನು ಒಯ್ದಿದ್ದ ಕಡಲೆಬೀಜದ ಉಂಡೆಯ ಡಬ್ಬಿಯನ್ನು ಎರಡೇ ದಿನಕ್ಕೆ ಮುಗಿಸಿದ. ಟಗರಿನ ಕೊಂಬು ಹೇಗೆ ಸುತ್ತುತ್ತದೆಂದು ಯಜಮಾನರು ನೆಲದ ಮೇಲೆ ಬೆರಳಿನಲ್ಲಿ ಬರೆದು ತೋರಿಸಿದರೆ ಕೂತು ನೋಡುತ್ತಿದ್ದ. ಅವರು ಕನ್ನಡದಲ್ಲಿ, ಅವನು ತನ್ನ ಇಂಗ್ಲಿಷಿನಲ್ಲಿ. ನನ್ನನ್ನು ಇಬ್ಬರೂ ಕರೆಯಲಿಲ್ಲ.

ಸೋಮವಾರ

ಸೋಮವಾರ ಬೆಳಿಗ್ಗೆ ಬಿಲ್ಲಿಯನ್ನು ಕ್ಲಬ್ಬಿನ ಕಚೇರಿಗೆ ಕರೆಸಿದರು. ಹಿಂದಿರುಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮಾ, ನನ್ನನ್ನು ಮಾರುತ್ತಾರಂತೆ” ಎಂದ.

ಮೋರೀನ್ ಸಾಬೂನಿನ ಕೈಯಲ್ಲೇ ಕುರ್ಚಿಯ ಮೇಲೆ ಕೂತಳು.

ನಮಗೆ ಅರ್ಥವಾಗಲಿಲ್ಲ. ಆಟಗಾರ ಚೆನ್ನಾಗಿ ಆಡುತ್ತಾನೆ, ಊರಿಗೆ ಬೇಕಾದವನು, ಕ್ಲಬ್ಬಿನಲ್ಲಿ ದುಡ್ಡು ಕೊಳೆಯುತ್ತಿದೆ. ಮಾರುವುದು ಯಾಕೆ? ಮೋರೀನ್ ಕೈ ಒರೆಸಿಕೊಂಡು, ಬಹಳ ಸಲ ಕೇಳಿ ಗೊತ್ತಿದ್ದ ಪಾಠವನ್ನು ಒಪ್ಪಿಸುವಂತೆ ಹೇಳಿದಳು. ವರ್ಷದ ಲೆಕ್ಕ ಈ ಜೂನ್ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ನಷ್ಟ ಇಳಿಸದಿದ್ದರೆ ಅಂಕ ಹೋಗುತ್ತದೆ. ಹೊರಗಿನಿಂದ ಕೊಂಡು ತಂದ ಆಟಗಾರನನ್ನು ಮಾರಿದರೆ ಅವನನ್ನು ಕೊಂಡ ಬೆಲೆಯಲ್ಲಿ ಇನ್ನೂ ಖರ್ಚಿಗೆ ಬರೆಯದೆ ಉಳಿದಿರುವುದನ್ನು ಕಳೆದು ಲಾಭ ತೋರಿಸಬೇಕು. ಮನೆಯಲ್ಲೇ ಬೆಳೆದವನಿಗೆ ಕೊಂಡ ಬೆಲೆ ಎಂಬುದೇ ಇಲ್ಲ. ಬಂದದ್ದೆಲ್ಲ ಶುದ್ಧ ಲಾಭ.

“ಶುದ್ಧ ಲಾಭ ಅನ್ನುತ್ತಾರೆ ಅವನನ್ನು. ಕಚೇರಿಯಲ್ಲಿ ಹಾಗೇ ಅಂದರಂತೆ, ಹೊಗಳಿದ ಹಾಗೆ” ಎಂದಳು. “ಇವನನ್ನು ಬೆಳೆಸಲು ಏನೂ ಖರ್ಚಾಗಿಲ್ಲವಂತೆ. ಕೆಸರು ಮೆತ್ತಿದ ಇವನ ಬೂಟು ತೊಳೆದವಳು ಯಾರು?”

ನಾನು ಆ ನಿಯಮವನ್ನೇ ಬೈಯತೊಡಗಿದೆ. ಅವಳಿಗೆ ಸಮಾಧಾನವಾದೀತೆಂದು ತಿಳಿದಿದ್ದೆ. ಮೋರೀನ್ ತಲೆಯಾಡಿಸಿದಳು. “ನಿಯಮ ಬೇಕು ಲವ್. ಪಕ್ಕದ ಊರಿನ ಕ್ಲಬ್ಬಿನ ಮಾಲೀಕ ಸಾಲ ಮಾಡಿ ಆಟಗಾರರನ್ನು ತಂದು ತಂದು, ಒಂದು ದಿನ ಕೈಬಿಟ್ಟು ಹೋದ. ಗೇಟಿಗೆ ಬೀಗ ಬಿತ್ತು. ನನ್ನ ತಂಗಿಯ ಗಂಡ ಈಗಲೂ ಶನಿವಾರ ಆ ಗೇಟಿನವರೆಗೆ ನಡೆದು ಹೋಗಿ ಬರುತ್ತಾನೆ. ಅಂಥದ್ದು ಆಗಬಾರದು ಅಂತಲೇ ನಿಯಮ ಮಾಡಿದ್ದು. ಊರಿನ ಕ್ಲಬ್ಬು ಊರಿನದಾಗಿ ಉಳಿಯಲಿ ಅಂತ” ಎಂದಳು. ಆ ಮಾತಿನ ಕೊನೆಗೆ ತಾನೇ ಒಂದು ಥರ ನಕ್ಕಳು.

ಆಮೇಲೆ ಯಜಮಾನರ ಕಡೆ ತಿರುಗಿ, ದನಿ ಏರಿಸದೆ, “ನಿಮ್ಮ ಟಗರುಗಳಿಗೆ ಮಿತಿಯಿಲ್ಲ. ನನ್ನ ಮಗನಿಗಿದೆ” ಎಂದಳು.

“ಏನಂದ್ಳು?” ಎಂದರು ಯಜಮಾನರು.

ನಾನು ಹೇಳಲಿಲ್ಲ. ಆದರೆ ಆ ಸಂಜೆ ಅವರೇ ಕೇಳಿದರು: “ನಮ್ದಕ್ಕೆ ಕೊಟ್ಟ ದುಡ್ಡಲ್ಲಿ ಆ ಹುಡುಗನ್ನ ಉಳಿಸ್ಕೋಬೋದಿತ್ತಾ?” ಆಗುತ್ತಿರಲಿಲ್ಲ, ಅದು ಬೇರೆ ಜೇಬು ಇದು ಬೇರೆ ಜೇಬು ಎಂದೆ. ಒಂದೇ ಅಂಗಿಯ ಎರಡು ಜೇಬಿನ ನಡುವೆ ಇಷ್ಟು ಎತ್ತರದ ಗೋಡೆ ಯಾಕೆ ಎನ್ನುವುದನ್ನು ನಾನು ಇಂಗ್ಲಿಷಿನಲ್ಲಿ ತಿಳಿದುಕೊಂಡಿದ್ದೆ. ಕನ್ನಡದಲ್ಲಿ ಹೇಳಲು ಹೋದರೆ ತೊದಲುತ್ತಿದ್ದೆ.

ಮಹಾದ್ವಾರ

ಬುಧವಾರ ಮಧ್ಯಾಹ್ನ ಸಮಾರಂಭ. ಬಿಲ್ಲಿಯನ್ನು ದೂರದ ಇನ್ನೊಂದು ಕ್ಲಬ್ಬಿಗೆ ಮಾರಿದ ಸುದ್ದಿಯನ್ನು ಅದೇ ದಿನ ಬೆಳಿಗ್ಗೆ ಪ್ರಕಟಿಸಿದ್ದರು. ಎರಡನ್ನೂ ಬೇರೆ ಬೇರೆ ಕಚೇರಿಯವರು ನೋಡಿಕೊಳ್ಳುವುದರಿಂದ ಹೀಗಾಯಿತು ಎಂದ ಕಾಲಿನ್. ಅವನ ಮುಖ ಬಿಳಿಚಿತ್ತು. ಕಂಬಿಗಳ ಆಚೆ ಜನ ತುಂಬಿದ್ದರು. ಕೂಗಾಟವೇನೂ ಇಲ್ಲ. ಬಿಲ್ಲಿಯ ಅಂಗಿಯ ನಂಬರಿರುವ ಅಂಗಿಗಳನ್ನು ತೊಟ್ಟು, ಬೆನ್ನು ನಮ್ಮ ಕಡೆ ಮಾಡಿ ನಿಂತಿದ್ದರು. ನಮ್ಮೂರಿನಲ್ಲಾಗಿದ್ದರೆ ಇಷ್ಟರಲ್ಲಿ ಟೈರು ಉರಿಯುತ್ತಿತ್ತು. ಇವರ ಬೆನ್ನುಗಳು ಅದಕ್ಕಿಂತ ಕಷ್ಟ.

ಯಜಮಾನರು ಇದಾವುದನ್ನೂ ನೋಡದೆ ಏಣಿ ಹತ್ತಿ ಎರಡೂ ಟಗರುಗಳ ಕಣ್ಣು ಬಿಡಿಸಿದರು. ಕೆಲಸ ಚೆನ್ನಾಗಿ ಬಂದಿತ್ತು. ಕೊಂಬಿನ ಸುರುಳಿಯ ಕೆಳಗಿನಿಂದ ಅವು ಯಾರನ್ನೋ ಗುರುತು ಹಿಡಿದಂತೆ ನೋಡುತ್ತಿದ್ದವು. ಕ್ಲಬ್ಬು ಕೊಂಡ ಆ ಧನಿಕ ಬಂದಿರಲಿಲ್ಲ, ಅವನ ಪ್ರತಿನಿಧಿ ಚಪ್ಪಾಳೆ ತಟ್ಟಿದರು. ಶಿಲ್ಪಿ ಎರಡು ಮಾತಾಡಬೇಕೆಂದು ಮೈಕು ಕೊಟ್ಟರು.

ಯಜಮಾನರು ಗಂಟಲು ಸರಿಮಾಡಿಕೊಂಡು ಹೇಳಿದರು: “ಕಲ್ಲು ಚೆನ್ನಾಗಿ ಕೂತೈತೆ. ಬುಡದಲ್ಲಿ ನೀರು ನಿಲ್ಲದಂಗೆ ನೋಡ್ಕೊಳ್ಳಿ. ಪಾಚಿ ಕಟ್ಟಿದ್ರೆ ತಂತಿ ಬ್ರಷ್ಷು ಹಾಕ್ಬೇಡಿ, ತೆಂಗಿನ ನಾರು ಸಾಕು.”

ಮೈಕು ನನ್ನ ಕೈಗೆ ಬಂತು. ಕಂಬಿಯ ಆಚೆ ಬೆನ್ನುಗಳ ನಡುವೆ ಮೋರೀನ್ ಇರಬಹುದೇ ಎಂದು ಹುಡುಕಿದೆ. ಇರಲಿಲ್ಲ. ಅವಳು ಬರುವುದಿಲ್ಲವೆಂದು ಮೊದಲೇ ಹೇಳಿದ್ದಳು.

ಮಕ್ಕಳಿಗೆ ಭಾಷಾಂತರದ ಪಾಠ ಮಾಡುವಾಗ ಮೂಲದಲ್ಲಿಲ್ಲದ್ದನ್ನು ಸೇರಿಸಬಾರದು ಎಂದು ಹೇಳುತ್ತಲೇ ಬಂದವಳು ನಾನು. ಅಂದು ಹೀಗೆ ಹೇಳಿದೆ: “ಕಣ್ಣು ಬಿಡಿಸಿದ ಕೂಡಲೇ ಮೊದಲ ನೋಟ ಆ ಮನೆಯಲ್ಲಿ ಬೆಳೆದ ಮಗುವಿನ ಮೇಲೆ ಬೀಳಬೇಕು, ಇದು ನಮ್ಮ ಪದ್ಧತಿ ಎನ್ನುತ್ತಿದ್ದಾರೆ ನನ್ನ ಗಂಡ. ಅವನು ಎಲ್ಲಿ ಎಂದು ಕೇಳುತ್ತಿದ್ದಾರೆ.”

ಅಂಥ ಪದ್ಧತಿ ಶಿವಾರಪಟ್ಟಣದಲ್ಲಿ ಇಲ್ಲ. ಎಲ್ಲೂ ಇಲ್ಲ.

ಮೊದಲು ಸದ್ದಿರಲಿಲ್ಲ. ನನ್ನ ಉಚ್ಚಾರಣೆ ತಿಳಿಯಲಿಲ್ಲವೇನೋ ಅಂದುಕೊಂಡೆ. ಆಮೇಲೆ ಒಂದು ಬೆನ್ನು ತಿರುಗಿತು, ಇನ್ನೊಂದು ತಿರುಗಿತು. ಕಡೆಗೆ ಎಲ್ಲರೂ ಈ ಕಡೆ ತಿರುಗಿ ಬಿಲ್ಲಿಯ ಹೆಸರನ್ನು ಒಂದೇ ರಾಗದಲ್ಲಿ ಹೇಳತೊಡಗಿದರು. ಪ್ರತಿನಿಧಿ ನನ್ನನ್ನೇ ನೋಡುತ್ತ ನಗುತ್ತಿದ್ದರು, ಅವರ ನಗು ಎಲ್ಲಿ ನಿಲ್ಲಿಸಬೇಕೆಂದು ಅವರಿಗೇ ತಿಳಿಯದಂತಿತ್ತು.

“ನೀರು ನಿಲ್ಬಾರ್ದು ಅಂದಿದ್ದಕ್ಕೆ ಇಷ್ಟು ಖುಷಿನಾ ಇವ್ರಿಗೆ?” ಎಂದು ಯಜಮಾನರು ಕಿವಿಯಲ್ಲಿ ಕೇಳಿದರು.

ಮರುದಿನ ಕ್ಲಬ್ಬಿನವರು ನಮ್ಮ ಚಿತ್ರವನ್ನು ಹಾಕಿ, ಭಾರತೀಯ ಶಿಲ್ಪಿಯಿಂದ ಕ್ಲಬ್ಬಿನ ಕಿರಿಯ ಪ್ರತಿಭೆಗಳಿಗೆ ಆಶೀರ್ವಾದ ಎಂದು ಬರೆದರು. ಏನು ಮಾಡಿಬಿಟ್ಟೆ ಎಂದು ರಾತ್ರಿಯೆಲ್ಲ ನಾನು ಹೆದರಿದ್ದ ಮಾತು ಅವರ ಪ್ರಚಾರಕ್ಕೆ ಬಂತು.

ಮೋರೀನ್ ಮೆಚ್ಚಿಯಾಳು ಎಂದುಕೊಂಡಿದ್ದೆ. ಅವಳು ನನ್ನ ಮುಂದೆ ಟೀ ಇಟ್ಟು, “ನೀನು ಒಳ್ಳೆಯದಕ್ಕೇ ಹೇಳಿದೆ” ಎಂದಳು. “ಆದರೆ ಅವನು ಅಲ್ಲಿಯವರೆಗೆ ಗಟ್ಟಿಯಾಗಿದ್ದ. ಫೋನಿನಲ್ಲಿ ಅದನ್ನು ನೋಡಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಹೋಗಲೇಬೇಕಲ್ಲ ಲವ್. ಹೋಗುವವನನ್ನು ಹಿಂದಕ್ಕೆ ಕರೆಯಬಾರದು.”

ನಮ್ಮಮ್ಮನೂ ಅದೇ ಮಾತನ್ನು ಅದೇ ಶಬ್ದಗಳಲ್ಲಿ ಹೇಳುತ್ತಾಳೆ.

ಶುಕ್ರವಾರ

ಬಿಲ್ಲಿ ಹೊರಟ ದಿನ ಬೀದಿಯವರು ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಕೈಬೀಸಲಿಲ್ಲ. ಅವನು ಯಜಮಾನರ ಕೈ ಕುಲುಕಿ, ಬೆರಳಿನಿಂದ ಗಾಳಿಯಲ್ಲಿ ಕೊಂಬಿನ ಸುರುಳಿ ಬರೆದು ತೋರಿಸಿದ. ಮೋರೀನ್ ರೈಲು ನಿಲ್ದಾಣಕ್ಕೆ ಹೋಗಲಿಲ್ಲ. ಮಹಡಿಗೆ ಹೋಗಿ ಅವನ ಹಾಸಿಗೆಯ ಬಟ್ಟೆ ತೆಗೆದು ಒಗೆಯಲು ಹಾಕಿದಳು.

ಅದೇ ಸಂಜೆ ಕಾಲಿನ್ ಬಂದ. ನಿಂತುಕೊಂಡೇ ಮಾತಾಡಿದ. ಬಿಲ್ಲಿಯನ್ನು ಕೊಂಡ ಕ್ಲಬ್ಬಿನಿಂದಲೇ ಇವರೂ ಒಬ್ಬ ಹುಡುಗನನ್ನು ಕೊಂಡಿದ್ದಾರೆ. ಅವನೂ ಆ ಕ್ಲಬ್ಬಿನ ಊರಿನಲ್ಲೇ ಹುಟ್ಟಿ ಬೆಳೆದವನು, ಹತ್ತೊಂಬತ್ತು ವರ್ಷ. ಅವರಿಗೂ ಇದೇ ಜೂನ್, ಇದೇ ನಷ್ಟ. ಈಗ ಎರಡು ಕ್ಲಬ್ಬಿನ ಲೆಕ್ಕದಲ್ಲೂ ಶುದ್ಧ ಲಾಭ ಬಂದಿದೆ. ಕೊಂಡ ಬೆಲೆಯನ್ನು ಮುಂದಿನ ವರ್ಷಗಳಿಗೆ ಹಂಚಿ ಬರೆದರಾಯಿತು. ಹುಡುಗ ಚಿಕ್ಕವನು, ಸದ್ಯಕ್ಕೆ ಒಂಟಿ ಮನೆ ಬೇಡ ಎಂದು ಕ್ಲಬ್ಬಿನ ಅಭಿಪ್ರಾಯ. ಮಹಡಿಯಲ್ಲಿ ಜಾಗ ಇದೆಯೇ?

ಮೋರೀನ್ ಅವನನ್ನು ಬಾಗಿಲಿನವರೆಗೆ ಕಳಿಸಿ, ಬಾಗಿಲು ಹಾಕಿದಳು.

ಯಜಮಾನರಿಗೆ ಎಲ್ಲ ಹೇಳಿದೆ. “ಇದು ಕುಂಡಮಾರ್ಪಿಡಿ ಕಣೇ” ಎಂದರು.

ಆಂಧ್ರದ ಗಡಿಗೆ ಹತ್ತಿರದ ನಮ್ಮ ಕಡೆ ಈ ತೆಲುಗು ಮಾತು ಎಲ್ಲರಿಗೂ ಗೊತ್ತು. ಈ ಮನೆಯ ಹುಡುಗಿಯನ್ನು ಆ ಮನೆಗೆ ಕೊಟ್ಟು, ಆ ಮನೆಯ ಹುಡುಗಿಯನ್ನು ಈ ಮನೆಗೆ ತರುವ ಮದುವೆ. ಎರಡು ಕಡೆಯೂ ವರದಕ್ಷಿಣೆಯ ಮಾತಿಲ್ಲ, ಎರಡು ಕಡೆಯೂ ಖರ್ಚು ಉಳಿಯುತ್ತದೆ. ನಾನು ಹಾಗೇ ಬಂದವಳು. ಶ್ರೀನಿವಾಸಪುರದ ಕಡೆಯಿಂದ ನಾನು ಶಿವಾರಪಟ್ಟಣಕ್ಕೆ, ಇವರ ತಂಗಿ ನಮ್ಮಣ್ಣನಿಗೆ. ಹಿರಿಯರು ಇದನ್ನು ಬಹಳ ಜಾಣತನದ ಸಂಬಂಧ ಎಂದು ಹೊಗಳಿದರು. ನಮ್ಮಮ್ಮ ನನ್ನನ್ನು ಕಳಿಸಿ ಅತ್ತ ಕಣ್ಣನ್ನು ಒರೆಸಿಕೊಂಡು, ಅದೇ ಸೆರಗಿನಲ್ಲಿ ಸೊಸೆಗೆ ಆರತಿ ಹಿಡಿದಳಂತೆ. ಇದನ್ನು ಮೋರೀನಳಿಗೆ ಹೇಳಬೇಕೆನ್ನಿಸಿತು. ಮಾತು ಹೆಚ್ಚಾಗಿ ಒಮ್ಮೆ ಕೆಟ್ಟಿದ್ದರಿಂದ ಆ ಆಸೆ ಬಿಟ್ಟೆ.

ಶನಿವಾರ

ನಮ್ಮ ವಿಮಾನ ಸಂಜೆಗಿತ್ತು. ಬೆಳಿಗ್ಗೆಯೇ ಕಾಲಿನ್ ಬಂದ, ಈ ಸಲ ಹುಡುಗನ ಜೊತೆ. ಎತ್ತರದ, ತೆಳ್ಳನೆಯ ಹುಡುಗ. ಒಂದು ಕೈಯಲ್ಲಿ ದೊಡ್ಡ ಚೀಲ, ಇನ್ನೊಂದು ಕೈಯಲ್ಲಿ ದಿಂಬು. ದಿಂಬನ್ನು ಮನೆಯಿಂದ ಹೊತ್ತು ತಂದಿದ್ದ. ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡ.

ಮೋರೀನ್ ಬಾಗಿಲಿನ ಚೌಕಟ್ಟಿಗೆ ಕೈಯೊತ್ತಿ ನಿಂತಳು. ದಾರಿ ಬಿಡಲಿಲ್ಲ.

“ನಿನ್ನಮ್ಮ ಬರಲಿಲ್ಲವಾ?” ಎಂದಳು.

“ಇಲ್ಲ” ಎಂದ ಹುಡುಗ. “ನಿಲ್ದಾಣಕ್ಕೂ ಬರುವುದಿಲ್ಲ ಅಂದಳು.”

“ನಾನೂ ಹೋಗಲಿಲ್ಲ” ಎಂದಳು ಮೋರೀನ್. ಚೌಕಟ್ಟಿನಿಂದ ಕೈ ತೆಗೆದಳು. “ಬೂಟು ಅಲ್ಲೇ ಬಿಡು. ಮೆಟ್ಟಿಲು ಹತ್ತಿದರೆ ಬಲಗಡೆ ಕೋಣೆ.”

ಅವನು ಹತ್ತಿ ಹೋದ. ನಾವು ಪೆಟ್ಟಿಗೆಗಳನ್ನು ಕಾಲಿನ್‌ನ ಕಾರಿಗೆ ಇಟ್ಟು, ಹೇಳಿ ಹೋಗೋಣವೆಂದು ಒಳಗೆ ಬಂದೆವು. ಮೋರೀನ್ ಅಡುಗೆಮನೆಯಲ್ಲಿ ಫೋನು ಹಿಡಿದಿದ್ದಳು. ಹುಡುಗನಿಂದ ಅವನ ತಾಯಿಯ ನಂಬರು ಇಸಿದುಕೊಂಡಿದ್ದಳು. ನಮಗೆ ಕೂರುವಂತೆ ಕೈಸನ್ನೆ ಮಾಡಿ, ಬಿಲ್ಲಿ ಹೋದ ಊರಿನಲ್ಲಿ ತನ್ನ ಹಾಗೇ ಮಗನನ್ನು ಕಳಿಸಿ ಕೂತಿದ್ದ, ಇನ್ನು ಮುಂದೆ ಬಿಲ್ಲಿಗೆ ಊಟ ಹಾಕಲಿದ್ದ ಹೆಂಗಸಿಗೆ ಹೇಳುತ್ತಿದ್ದಳು.

“ಅಣಬೆ ಕೊಡಬೇಡ. ಕೇಳಿದರೆ ತಿನ್ನುತ್ತೀನಿ ಅನ್ನುತ್ತಾನೆ, ನಂಬಬೇಡ. ಸೋತು ಬಂದ ದಿನ ಮಾತಾಡಿಸಬಾರದು, ಊಟ ಬಾಗಿಲ ಹತ್ತಿರ ಇಟ್ಟುಬಿಡು. ಹ್ಞೂ. ಈಗ ನಿನ್ನವನದು ಹೇಳು ಲವ್, ಬರೆದುಕೊಳ್ಳುತ್ತೀನಿ.”